ಹಬೆಯಲ್ಲಿ ನೆಲ ಒರೆಸುವ ಹಟ

ಸ್ಟೀಮ್ ಮಾಪ್ ಅಂತ ಹಬೆ ಬಿಡುವ ಯಂತ್ರ ಒಂದು ಇದೆ, ಅದರಲ್ಲಿ ನಿಂತುಕೊಂಡೇ ನೆಲ ಒರೆಸಬಹುದು ಎಂದು ನನಗೆ ಮೊದಲು ಹೇಳಿದವರು ನಮ್ಮ ಶಾಲೆಯ ಸೈನ್ಸ್ ಮೇಡಂ ಗಿರಿಜಮ್ಮ. ಮಿಸ್ಡ್ ಕಾಲ್ ಕೊಟ್ಟುಕೊಂಡೇ ಸಂಸಾರ ನಡೆಸುತ್ತಿದ್ದ ಕಾಲ ಅದು. ಚಿತ್ರದುರ್ಗದಿಂದ ಹೊಳಲ್ಕೆರೆಗೆ ದಿನಾ ಇಬ್ಬರೂ ಒಂದೇ ಬಸ್ಸು. ಮೆಟ್ಟಿಲು ಹತ್ತುವಾಗ ನಾನು "ಅಯ್ಯಪ್ಪಾ" ಅನ್ನುವುದನ್ನು ಕೇಳಿ ಕೇಳಿ ಅವರಿಗೇ ಸಾಕಾಗಿತ್ತು. "ಕುಕ್ಕರಗಾಲಲ್ಲಿ ಕುಂತು ನೆಲ ಒರೆಸೋದು ಬಿಡ್ರಿ, ಇಲ್ಲಾಂದ್ರೆ ಮೊಣಕಾಲೇ ನಿಮ್ಮನ್ನ ಬಿಡ್ತದೆ" ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು. ಹೊಳಲ್ಕೆರೆಯಲ್ಲಿ ಇಳಿಯುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟೆ, ತಗೊಂಡೇ ತೀರಬೇಕು. ನಮ್ಮ ಮನೆಗೆ ಹೊಸ ವಸ್ತು ಬರುತ್ತದೆ ಎಂದರೆ ಏನಾದರೊಂದು ಆಗಲೇಬೇಕು. ಈ ಸಲವೂ ಆಯಿತು.

ಕೋಲಿನ ಮಾಪು

"ಕೋಲಿಗೆ ಬಟ್ಟೆ ಕಟ್ಟಿರೋ ಮಾಪು ತಂದ್ರೆ ಸಾಲದಾ?" ಎಂದು ನೀವು ಕೇಳಬಹುದು. ತಂದಿದ್ದೆ. ನಮ್ಮತ್ತೆ ಒಂದೇ ಒಂದು ದಿನ ನೋಡಿದರು.

"ಇದು ನೆಲ ಒರೆಸೋದಲ್ಲ ಕಣೇ, ಕೊಳೆಗೆ ಮನೆಯೆಲ್ಲಾ ತೋರಿಸ್ಕಂಡು ಬರೋದು."

ಮಾರನೇ ದಿನದಿಂದ ಅದು ಜೇಡರ ಬಲೆ ತೆಗೆಯುವ ಕೆಲಸಕ್ಕೆ ವರ್ಗವಾಯಿತು. ಬಡ್ತಿ ಅಂತಲೇ ಹೇಳಬೇಕು, ಮೇಲಕ್ಕೆ ಹೋಯಿತಲ್ಲ!

ರಜೆ ಚೀಟಿ

ನಮ್ಮನೆಯವರಿಗೆ ಹೊಸದುರ್ಗದಲ್ಲಿ ಕೆಲಸ. ಮಾಪಿನ ಸುದ್ದಿ ಕೇಳಿ ನಕ್ಕರು. "ಇಡ್ಲಿ ಬೇಯ್ಸೋ ಹಬೆಯಲ್ಲಿ ಈಗ ನೆಲ ಬೇಯ್ಸ್ತೀಯಾ?"

"ಬ್ಯಾಡ ಬಿಡ್ರಿ. ನಾಳೆಯಿಂದ ನೀವೇ ಒರೆಸ್ರಿ."

"ಅದೇನು ದೊಡ್ಡ ವಿದ್ಯೆ?" ಎಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿದರು. ಬೀದಿ ಬಾಗಿಲಿಂದ ಶುರು ಮಾಡಿ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ನಡುಮನೆಯ ಮೂಲೆ ಸೇರಿದರು. ಮುಂದೆಲ್ಲಾ ಒದ್ದೆ, ಹಿಂದೆ ಗೋಡೆ. ಪ್ಯಾಂಟು, ಟಿಫಿನ್ ಡಬ್ಬಿ ಎಲ್ಲಾ ಆಚೆ ದಡದಲ್ಲಿ.

ನಡುಮನೆ ದಾಟಲು ಒಂದು ಕಾಲು ಎತ್ತಿದರೋ ಇಲ್ಲವೋ, ಅತ್ತೆ ಅಡುಗೆಮನೆಯಿಂದಲೇ ಕೂಗಿದರು, "ಲೇ, ಹಸಿ ನೆಲ ತುಳಿದ್ರೆ ಮತ್ತೆ ಒರೆಸ್ಬೇಕಾಗ್ತದೆ ನೋಡು!"

ಎತ್ತಿದ ಕಾಲು ಅಲ್ಲೇ ಇಳಿಯಿತು. ನಮ್ಮದು ಕಡಪ ಕಲ್ಲಿನ ನೆಲ, ಅದು ಒಣಗುವುದು ಅದಕ್ಕೆ ಮನಸ್ಸು ಬಂದಾಗ. ಹೊಸದುರ್ಗದ ಬಸ್ಸು ಹೋಯಿತು, ಆಮೇಲಿನದೂ ಹೋಯಿತು.

"ರಜೆ ಚೀಟೀಲಿ ಕಾರಣ ಏನಂತ ಬರೀತೀರಿ?" ಎಂದೆ.

"ನೆಲ ಒಣಗದ ಪ್ರಯುಕ್ತ ಅಂತ," ಎಂದು ಮೂಲೆಯಿಂದ ಉತ್ತರ ಬಂತು. "ಆ ಹಬೆ ಮಾಪಿನ ಅಂಗಡಿಯೋನಿಗೆ ನಾನೇ ಫೋನ್ ಮಾಡ್ತೀನಿ."

ಕಾಫಿ ಮೇಲೆ ಕಾಫಿ

ಯಂತ್ರ ತೋರಿಸಲು ಅಂಗಡಿಯಿಂದ ಒಬ್ಬರು ಬಂದರು. ಬಂದು ಪ್ಲಗ್ ಹಾಕಿದರು, ಕರೆಂಟು ಹೋಯಿತು.

"ಕುಂತ್ಕಳ್ರಿ, ಬರ್ತದೆ" ಎಂದು ಅತ್ತೆ ಕಾಫಿ ಕೊಟ್ಟರು. ಇನ್ನೊಂದು ಕಾಫಿ ಆಯಿತು, ಕೊನೆಗೆ ಊಟವೂ ಆಯಿತು. ಪಲ್ಯ ಬಡಿಸುವಾಗ ಅತ್ತೆ ವಿಚಾರಣೆ ಶುರು ಮಾಡಿದರು.

"ಇದಕ್ಕೆ ಬೋರ್ ನೀರು ಹಾಕ್ಬೋದೇನಪ್ಪಾ?"

"ಇಲ್ಲ ಅಮ್ಮಾರೆ, ಸುಣ್ಣ ಕಟ್ಕಂತದೆ. ಕುಡಿಯೋ ನೀರೇ ಆಗ್ಬೇಕು."

ಅತ್ತೆ ಸೌಟು ಕೆಳಗಿಟ್ಟರು. "ನಲ್ಲಿ ಬರೋದೇ ವಾರಕ್ಕೊಂದು ಸಲ. ಕುಡಿಯೋ ನೀರನ್ನ ನೆಲಕ್ಕೆ ಕುಡಿಸ್ಬೇಕಾ?"

ನನ್ನ ಮಾಪು ಅಲ್ಲೇ ಮುಗಿಯಿತು ಅಂದುಕೊಂಡೆ. ಆದರೆ ಬಿಡುವವಳಲ್ಲ ನಾನು. ಒಂದು ಚೊಂಬು, ಒಂದು ಬಕೆಟ್ ತಂದು ಅವರ ಮುಂದೆ ಇಟ್ಟೆ. "ಅತ್ತೆ, ಈಗ ದಿನಾ ಒಂದೂವರೆ ಬಕೆಟ್ ಚೆಲ್ತೀವಿ. ಇದಕ್ಕೆ ಈ ಚೊಂಬಿನಷ್ಟು ಸಾಕು." ಅತ್ತೆ ಚೊಂಬು ನೋಡಿದರು, ಬಕೆಟ್ ನೋಡಿದರು. ಪಲ್ಯ ಮತ್ತೆ ಬಡಿಸಿದರು.

ಮೂರು ಗಂಟೆಗೆ ಕರೆಂಟು ಬಂತು. ಆತ ಗುಂಡಿ ಒತ್ತಿದ್ದೇ ತಡ, ಫಟ್! ಫ್ಯೂಸು ಹಾರಿತು. ನಮ್ಮದು ಮಾತ್ರವಲ್ಲ, ಅದೇ ಲೈನಿನ ಪಕ್ಕದ ಮನೆಯದೂ.

"ಯಾರ್ರೀ ಅದು? ಧಾರಾವಾಹೀಲಿ ಸೊಸೆ ಈಗ ಬಾಯಿ ಬಿಟ್ಟಿದ್ಲು!" ಎಂದು ಗೋಡೆಯಾಚೆಯಿಂದ ಕೂಗು.

ಅತ್ತೆ ನನ್ನ ಕಡೆ ನೋಡಿ ತಣ್ಣಗೆ ಹೇಳಿದರು, "ನಮ್ಮನೇಲೂ ಹಂಗೇ ಆಗಿದ್ದು."

ಮುಟ್ಟಬೇಡ

ಮತ್ತೆ ಫ್ಯೂಸು ಹಾರದಂತೆ ಗೀಸರಿನ ದಪ್ಪ ಪ್ಲಗ್ಗಿನಿಂದ ಉದ್ದನೆಯ ವೈರ್ ಎಳೆಸಿ, ಕಡೆಗೂ ಮಾಪು ತಂದೆ. ಅತ್ತೆಯ ಕಟ್ಟಪ್ಪಣೆ: ನಡುಮನೆಗೆ ಮಾತ್ರ. ಅಡುಗೆಮನೆ, ದೇವರಮನೆ ಕೈಯಲ್ಲೇ, ಕುಂತೇ ಒರೆಸಬೇಕು. ಅಂದರೆ ಮೊಣಕಾಲಿಗೆ ಅರ್ಧ ರಜೆ ಅಷ್ಟೇ.

ಡಾಕ್ಟರ ಚೀಟಿ ತೋರಿಸಿದೆ. "ಡಾಕ್ಟ್ರು ಬಂದು ಒರೆಸ್ತಾರಾ?" ಎಂದರು.

ನಾಲ್ಕನೇ ದಿನ, ನಾನು ನಡುಮನೆ ಒರೆಸುವುದನ್ನೇ ನೋಡುತ್ತಾ ಕುಂತಿದ್ದ ಅತ್ತೆ ಕೇಳಿದರು, "ಈ ಹಬೆ ಯಾರ ಕೈಯನ್ನಾದ್ರೂ ಮುಟ್ಟಿ ಬರ್ತದೇನೇ?"

"ಇಲ್ಲ ಅತ್ತೆ, ಮುಟ್ಟಿದ್ರೆ ಕೈ ಬೆಂದೋಗ್ತದೆ."

"ಬಟ್ಟೆ ಹಿಂಡೋದು?"

"ಅದೂ ಇಲ್ಲ."

ಅತ್ತೆ ಎದ್ದು ಬಂದು ಮಾಪಿಗೆ ಒಂದು ಸುತ್ತು ಹಾಕಿದರು. "ಹಂಗಾದ್ರೆ ಇದು ಮಡಿ ಐತೆ."

ಮರುದಿನ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಮಾಪಿಗೂ ಮೂರು ಬೆರಳು ಎಳೆದು, ದೇವರಮನೆಯಲ್ಲಿ ಬುಸ್ ಬುಸ್ ಎಂದು ಒರೆಸುತ್ತಿದ್ದರು. ನಾನು ಕೈ ಚಾಚಿದೆ.

"ಸ್ನಾನ ಆಯ್ತಾ?"

"ಇಲ್ಲ ಅತ್ತೆ."

"ಮುಟ್ಟಬ್ಯಾಡ!"

ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಡುಗೆಮನೆ, ನಡುಮನೆ, ಜಗಲಿ ಎಲ್ಲಾ ಮುಗಿದಿತ್ತು. ಅವತ್ತಿಂದ ದಿನಾ ಹೀಗೆಯೇ. ಬಿ.ದುರ್ಗದಿಂದ ಬಂದ ಅವರ ತಂಗಿ, "ಸೊಸೆ ಇದ್ರೂ ನೀನ್ಯಾಕಕ್ಕಾ ಒರೆಸ್ತೀಯಾ?" ಎಂದರೆ, "ಅವಳಿಗೆ ಇದನ್ನ ಮುಟ್ಟೋಕೆ ನಾನು ಬಿಟ್ಟಿಲ್ಲ!" ಎಂದು ಹೆಮ್ಮೆಯಿಂದ ಹೇಳಿದರು.

ನಿಮ್ಮ ಬೀದಿಯಲ್ಲೂ ಮೊಣಕಾಲು ಹಿಡಿದು ಏಳುವ ಸೊಸೆ ಯಾರಾದರೂ ಇದ್ದರೆ ಅವಳಿಗೆ ಈ ಮಾತು ಮುಟ್ಟಿಸಿ: ಡಾಕ್ಟರ ಚೀಟಿ ತೋರಿಸಬೇಡ, 'ಇದು ಮಡಿ' ಅನ್ನು ಸಾಕು. ಆಮೇಲೆ ಸ್ನಾನ ಮಾತ್ರ ನಿಧಾನಕ್ಕೆ ಮಾಡು.