ಬಿಟ್ಟದ್ದು ಅದು, ಕೊಂಡದ್ದು ಇದು

ಕಾಶಿಗೆ ಬಂದವರೆಲ್ಲ ಏನನ್ನಾದರೂ ಬಿಡುತ್ತಾರೆ. ನನ್ನ ದೊಡ್ಡಮ್ಮನೊಬ್ಬಳು ಮಾತ್ರ, ಉಳಿದ ದಿನಗಳನ್ನು ಜಪತಪದಲ್ಲಿ ಕಳೆಯುತ್ತೇನೆಂದು ಎಪ್ಪತ್ತೆರಡನೇ ವಯಸ್ಸಿನಲ್ಲಿ ಇಲ್ಲಿಗೆ ಬಂದು, ನಲವತ್ತೆರಡು ತಿರುಗಿಸುವ ನಾಬುಗಳಿರುವ ಸಿಂಥಸೈಸರ್ ಎಂಬ ವಿದ್ಯುತ್ ವಾದ್ಯ ಕೊಂಡುಕೊಂಡಳು! ವೈರಾಗ್ಯಕ್ಕೆ ಇಷ್ಟೊಂದು ನಾಬು ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಿಡುವುದು ಎಂದರೆ ಗೊತ್ತಲ್ಲ? ಗಂಗೆಯಲ್ಲಿ ಮುಳುಗೆದ್ದು, ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಇನ್ನು ತಿನ್ನುವುದಿಲ್ಲ ಎಂದು ಸಂಕಲ್ಪ ಮಾಡುವುದು. ಈ ವಿಷಯದಲ್ಲಿ ನಮ್ಮ ಬಳಗದವರು ಬಹಳ ಜಾಣರು. ನನ್ನ ತಂದೆ ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನು ಬಿಟ್ಟು ಬಂದರು. ಸೋದರತ್ತೆ, ತುಮಕೂರಿನಲ್ಲಿ ಯಾರೂ ಕಣ್ಣಿಂದ ನೋಡದ ಯಾವುದೋ ವಿದೇಶಿ ಹಣ್ಣನ್ನು ಕಣ್ಣೀರು ಹಾಕಿಕೊಂಡು ಬಿಟ್ಟಳಂತೆ.

ದಡ್ಡಿ ಎಂದರೆ ದೊಡ್ಡಮ್ಮ ಒಬ್ಬಳೇ. ನಲವತ್ತು ವರ್ಷದ ಹಿಂದೆ ಅವಳು ತುಮಕೂರಿನ ಆರ್ಕೆಸ್ಟ್ರಾವೊಂದರಲ್ಲಿ ಸಿಂಥಸೈಸರ್ ನುಡಿಸುತ್ತಿದ್ದಳು. ಮಾಲೀಕ ಯಾರ ಕೈಯಲ್ಲೋ ಹೊರದೇಶದಿಂದ ತರಿಸಿದ ಯಂತ್ರ ಅದು. ಜರಿ ಸೀರೆ ಉಟ್ಟು, ಗಣೇಶನ ಪೆಂಡಾಲಿನಲ್ಲಿ ನಾಬು ತಿರುಗಿಸುತ್ತ ನಿಂತರೆ ಜನ ಹಾಡುಗಾರರನ್ನು ಬಿಟ್ಟು ಇವಳನ್ನೇ ನೋಡುತ್ತಿದ್ದರಂತೆ. ಆಗ ದೊಡ್ಡಪ್ಪನಿಗೆ ಎದೆಯ ಕಾಯಿಲೆ ಬಂತು. ಡಾಕ್ಟರು ಕೈಚೆಲ್ಲಿದರು. ಇವರು ಉಳಿದರೆ ಕಾಶಿಗೆ ಹೋಗಿ ಆ ಯಂತ್ರ ನುಡಿಸುವುದನ್ನೇ ಬಿಡುತ್ತೇನೆ ಎಂದು ಇವಳು ಹರಕೆ ಹೊತ್ತಳು. ಅವರು ಉಳಿದರು. ಇವಳು ಬಂದಳು, ಬಿಟ್ಟಳು. ಆಮೇಲೆ ನಲವತ್ತು ವರ್ಷ ಗುಂಡುಕಲ್ಲಿನ ಹಾಗಿದ್ದ ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅದಾದ ಮೇಲೆ ಇವಳು ಮತ್ತೆ ಕಾಶಿಗೆ ಬಂದಳು.

ಹನುಮಾನ್ ಘಾಟಿನ ವಸತಿಗೃಹದಲ್ಲಿ ಕೂತು ಫೋನಿನಲ್ಲಿ ಭಜನೆ ಹುಡುಕುವಾಗ ಅವಳ ಕಣ್ಣಿಗೆ ಬಿದ್ದದ್ದು ಆ ಹಳೆಯ ಯಂತ್ರವೇ. ಅದನ್ನು ಈಗ ಮತ್ತೆ ಹೊಸದಾಗಿ ತಯಾರಿಸುತ್ತಾರಂತೆ. ಅದೇ ನಾಬು, ಒಳಗೆ ಅದೇ ಸರ್ಕ್ಯೂಟು, ಎರಡು ಪಕ್ಕಕ್ಕೂ ಅದೇ ಮರದ ಹಲಗೆ. ಇದೇ ಊರಿನ ಕಂಟೋನ್ಮೆಂಟಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಸುಖವಾಗಿದ್ದ ನನ್ನ ವಿಳಾಸಕ್ಕೆ ಪಾರ್ಸೆಲ್ಲು ಬಂತು. ಅವಳ ವಸತಿಗೃಹಕ್ಕೆ ಸಾಗಿಸುವಾಗ ಆಟೋದವನು ಗಲ್ಲಿಯ ಬಾಯಲ್ಲೇ ಇಳಿಸಿ ಹೋದ. ಮುಂದಿನ ದಾರಿಗೆ ನನ್ನ ತಲೆಯೇ ಗತಿ! ವಸತಿಗೃಹದ ಮ್ಯಾನೇಜರು ಅದನ್ನು ನೋಡಿ, ಮಾತಾಜಿ ಇಲ್ಲಿ ಕರೆಂಟು ಆಫೀಸು ತೆರೆಯುತ್ತಾರೇನು ಎಂದು ಹಿಂದಿಯಲ್ಲಿ ವಿಚಾರಿಸಿದ. ಪಕ್ಕದ ಕೋಣೆಯ ಹಾಸನದ ಅಜ್ಜಿ ಮೊದಲು ಅದಕ್ಕೊಂದು ಹೂವಿಟ್ಟು, ಆಮೇಲೆ ಏನೆಂದು ಕೇಳಿದರು.

ದೊಡ್ಡಮ್ಮ ಯಂತ್ರವನ್ನು ಒರೆಸಿದಳು. ಸ್ವಿಚ್ಚು ಹಾಕಿದಳು. ಕೆಂಪು ದೀಪ ಹತ್ತಿತು. ಆದರೆ ಕಪ್ಪು ಬಿಳುಪು ಮನೆಗಳಲ್ಲಿ ಒಂದನ್ನೂ ಒತ್ತಲಿಲ್ಲ! ತಾನು ಬಿಟ್ಟದ್ದು ಆ ಯಂತ್ರ, ಇದು ಹೊಸದು, ಆದ್ದರಿಂದ ನುಡಿಸಬಹುದು ಅನ್ನಿಸುತ್ತದೆ, ಆದರೂ ಘಾಟಿನ ಪುರೋಹಿತರಾದ ಭಟ್ಟರು ಹೇಳಲಿ ಎಂದಳು. ನುಡಿಸಬೇಕೆಂಬ ಆಸೆ ಅವಳ ಬೆರಳುಗಳಲ್ಲೇ ಕಾಣುತ್ತಿತ್ತು. ಸೀರೆಯ ಅಂಚಿನ ಮೇಲೆ ಅವು ಓಡಾಡುತ್ತಿದ್ದವು.

ನನಗೆ ರೇಗಿತು. ತಲೆಯ ಮೇಲೆ ಹೊತ್ತವನು ನಾನು ತಾನೇ? ಫೋನಿನಲ್ಲೇ ಇಂಥ ಸಾವಿರ ದನಿ ಪುಕ್ಕಟೆ ಸಿಗುತ್ತವೆ, ಇದಕ್ಯಾಕೆ ಇಷ್ಟು ಒದ್ದಾಟ ಎಂದೆ.

"ಅದ್ರಲ್ಲಿ ದನಿ ಆರಿಸ್ಕೋತಾರೆ ಕಣೋ. ಇದ್ರಲ್ಲಿ ಹುಡುಕ್ಬೇಕು," ಎಂದಳು.

ಈ ಯಂತ್ರಕ್ಕೆ ನೆನಪು ಎಂಬುದೇ ಇಲ್ಲವಂತೆ. ಇವತ್ತು ಹುಡುಕಿದ ದನಿ, ನಾಬು ಕೂದಲೆಳೆಯಷ್ಟು ಸರಿದರೆ ನಾಳೆ ಸಿಗದು, ಮತ್ತೆ ಮೊದಲಿಂದ ಹುಡುಕಬೇಕು. ಹಳೆಯದಂತೂ ಬಿಸಿಲಿಗೆ ಶ್ರುತಿ ಬಿಡುತ್ತಿತ್ತು. ಒಂದು ಶ್ರುತಿಯಲ್ಲಿ ಶುರುವಾದ ಹಾಡು ಇನ್ನೊಂದರಲ್ಲಿ ಮುಗಿದು, ಗಾಯಕರು ವೇದಿಕೆಯ ಹಿಂದೆ ಇವಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಹೊಸದರಲ್ಲಿ ಆ ತೊಂದರೆ ಸರಿಮಾಡಿದ್ದಾರೆ ಎಂದು ಪುಸ್ತಿಕೆ ಓದಿ ಹೇಳಿದರೆ ಅವಳ ಮುಖ ಸಣ್ಣಗಾಯಿತು. ಕೊಂಕು ತೆಗೆಯಲು ಏನೂ ಸಿಗದ ಸೊಸೆ ಮನೆಗೆ ಬಂದ ಹಾಗಾಗಿತ್ತು ಅವಳಿಗೆ.

ಭಟ್ಟರ ಮನೆಯವರು ಮೂರು ತಲೆಮಾರಿನಿಂದ ಕಾಶಿಯಲ್ಲಿದ್ದಾರೆ. ಅವರ ಕನ್ನಡ ಅರ್ಧ ದಾರಿಗೆ ಹಿಂದಿಯ ರಿಕ್ಷಾ ಹತ್ತಿಬಿಡುತ್ತದೆ. ಯಂತ್ರವನ್ನು ಸುತ್ತಲೂ ನೋಡಿ ಅವರು ಒಂದೇ ಪ್ರಶ್ನೆ ಕೇಳಿದರು.

"ಅಮ್ಮಾ, ಇದು ಅದೇನಾ, ಯಾ ಅದರ ಥರದ್ದಾ?"

ನೋಡಿ, ಸಿಕ್ಕಿಬಿದ್ದಳು! ಅದೇ ಎಂದರೆ ಸಂಕಲ್ಪಭಂಗ. ಅದಲ್ಲ ಎಂದರೆ ಅಂಗಡಿಯವನು ಮೋಸ ಮಾಡಿದ ಎಂದು ಒಪ್ಪಬೇಕು. ಒಂದು ಹುಳುಕು ಬದನೆಕಾಯಿಗೆ ತಳ್ಳುಗಾಡಿಯವನನ್ನು ಮೂರು ಗಲ್ಲಿ ಅಟ್ಟಿಸಿಕೊಂಡು ಹೋದವಳು ಇದನ್ನು ಒಪ್ಪುತ್ತಾಳೆಯೇ? ನುಡಿಸಿ ನೋಡಿದರೆ ತಿಳಿಯುತ್ತದೆ, ನುಡಿಸಬಹುದೇ ಎಂದು ತಿಳಿಯದೆ ನುಡಿಸುವ ಹಾಗಿಲ್ಲ ಎಂದಳು. ಹಾಗಾದರೆ ಇದು ಯಂತ್ರದ ಪುನರ್ಜನ್ಮ ಎಂದರು ಭಟ್ಟರು. ಪುನರ್ಜನ್ಮ ಬೇಡವೆಂದೇ ಜನ ಈ ಊರಿಗೆ ಬರುತ್ತಾರಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಇಬ್ಬರೂ ನನ್ನನ್ನು ಕಾಫಿ ತರಲು ಕಳಿಸಿದರು.

ಭಟ್ಟರು ಒಂದು ವಾರ ಸಮಯ ಕೇಳಿದರು. ಆ ವಾರವೆಲ್ಲ ದೊಡ್ಡಮ್ಮ ಬೆಳಿಗ್ಗೆ ಸ್ನಾನ ಮಾಡಿ, ಯಂತ್ರದ ಮುಂದೆ ಕೂತು, ಸದ್ದೇ ಇಲ್ಲದೆ ನಾಬು ತಿರುಗಿಸುತ್ತಿದ್ದಳು. ಇದು ಹೊಸ ಬಗೆಯ ಜಪವೆಂದು ತಿಳಿದ ಹಾಸನದ ಅಜ್ಜಿ ನನ್ನ ಹತ್ತಿರ ಬಂದು, ದಿನಕ್ಕೆಷ್ಟು ಸುತ್ತು ಎಂದು ಗುಟ್ಟಾಗಿ ಕೇಳಿದರು.

ಏಕಾದಶಿಯ ದಿನ ಭಟ್ಟರು ಬಂದರು. ಅದೇನಾ, ಅದರ ಥರದ್ದಾ ಎಂಬ ಗೋಜಿಗೇ ಅವರು ಹೋಗಲಿಲ್ಲ.

"ಅಮ್ಮಾ, ನೀವು ವ್ರತ ಹಿಡಿದಿದ್ದು ಯಜಮಾನರ ಆಯುಷ್ಯಕ್ಕೆ. ಅವರು ಆಯುಷ್ಯ ಪೂರಾ ಮಾಡಿ ಹೋದರು. ಬಸ್, ವ್ರತ ಮುಗೀತು. ಆರಾಮ್ ಸೇ ನುಡಿಸಿ."

ಎಷ್ಟು ಸುಲಭ! ನಾನು ಗೋಡೆಗೊರಗಿ ಕಛೇರಿ ಕೇಳಲು ಸಿದ್ಧನಾದೆ. ದೊಡ್ಡಮ್ಮ ಎರಡೂ ಕೈ ಎತ್ತಿದಳು. ಮನೆಗಳ ಮೇಲೆ ತಂದಳು. ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು, ಮಡಿಲಿಗೆ ಇಳಿಸಿಕೊಂಡಳು.

"ಬೆಳಿಗ್ಗೆ ಎದ್ದು, ಇವತ್ತೂ ನುಡಿಸಲ್ಲ, ಇವತ್ತೂ ಇವ್ರು ಇರ್ತಾರೆ ಅಂದ್ಕೊಂಡೇ ನಲವತ್ತು ವರ್ಷ ಒಲೆ ಹಚ್ಚಿದೀನಿ," ಎಂದಳು. "ಈಗ ನುಡಿಸಿಬಿಟ್ರೆ ಅವ್ರು ನಿಜವಾಗ್ಲೂ ಹೋಗ್ಬಿಡ್ತಾರೆ ಕಣೋ."

ನಾನು ಗೋಡೆ ಬಿಟ್ಟು ನೆಟ್ಟಗೆ ಕೂತೆ. ಭಟ್ಟರು ಪಂಚಾಂಗ ತೆರೆದು, ಏನನ್ನೂ ಓದದೆ ಮುಚ್ಚಿದರು.

ಆಮೇಲೆ ದೊಡ್ಡಮ್ಮ ನನ್ನನ್ನು ಕರೆದು ಯಂತ್ರದ ಮುಂದೆ ತನ್ನ ಪಕ್ಕ ಕೂರಿಸಿದಳು. ನೀನೇನೂ ವ್ರತ ಹಿಡಿದಿಲ್ಲವಲ್ಲ, ಒಂದು ಮನೆ ಒತ್ತು ಎಂದಳು. ಶಾಲೆಯ ಪ್ರಾರ್ಥನೆಯಲ್ಲಿ ಬರಿಯ ತುಟಿ ಆಡಿಸು ಸಾಕು ಎನ್ನಿಸಿಕೊಂಡವನು ನಾನು. ಕಣ್ಣುಮುಚ್ಚಿ ಒಂದನ್ನು ಒತ್ತಿದೆ. ಒರಟಾಗಿ, ಮಿಕ್ಸಿಯ ಸದ್ದಿನ ಹಾಗೆ ಏನೋ ಬಂತು. ಅವಳ ಕೈ ನಾಬಿಗೆ ಹೋಯಿತು. ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಕೂದಲೆಳೆಯಷ್ಟು, ಮೊದಲಿನದನ್ನು ಚೂರು ಹಿಂದಕ್ಕೆ. ಸದ್ದು ತೆಳುವಾಯಿತು, ಬಾಗಿತು, ದುಂಡಗಾಯಿತು. ಮನುಷ್ಯರ ಗಂಟಲಿನದೂ ಅಲ್ಲದ, ಕೊಳಲಿನದೂ ಅಲ್ಲದ ಒಂದು ದನಿ ಆ ಸಣ್ಣ ಕೋಣೆಯಲ್ಲಿ ನಿಂತಿತು. ದೊಡ್ಡಮ್ಮನ ಕೈ ನಾಬಿನ ಮೇಲೆ ಹಾಗೇ ಉಳಿಯಿತು.

"ಇದನ್ನ ಕೇಳೋಕೇ ಅವ್ರು ಪೆಂಡಾಲಿನ ಮುಂದಿನ ಸಾಲಿಗೆ ಬಂದು ಕೂರ್ತಿದ್ರು," ಎಂದಳು. ಆಮೇಲೆ ಬಹಳ ಮೆತ್ತಗೆ, "ಬೆರಳು ತೆಗೀಬೇಡ."

ಬೆರಳು ನೋಯುತ್ತಿತ್ತು. ನಾನು ತೆಗೆಯಲಿಲ್ಲ.