ಜೋಡಿ ಚಕ್ರದ ಯೂಟು

ಗಂಡಸರಿಗೆ ಹಳೆಯ ಗಾಡಿಗಳ ಹುಚ್ಚು, ಹೆಂಗಸರಿಗೆ ಅದನ್ನು ಸಹಿಸಿಕೊಳ್ಳುವ ಕರ್ಮ ಎಂಬುದು ಲೋಕದ ನಂಬಿಕೆ. ನಮ್ಮ ಮನೆಯಲ್ಲಿ ಅದು ತಿರುವುಮುರುವು. ಪರದೇಶದ ಟೌರಂಗಾ ಊರಿನ ಹೆರಿಗೆ ವಾರ್ಡೊಂದರಲ್ಲಿ ನರ್ಸಾಗಿರುವ ನಾನು, ಕಿವಿಹಣ್ಣಿನ ತೋಟದವರೊಬ್ಬರಿಂದ ಹಳೆಯ ಯೂಟೊಂದನ್ನು ಕೊಂಡುತಂದೆ. ಇಲ್ಲಿ ಪಿಕಪ್ ಗಾಡಿಗೆ ಯೂಟ್ ಎನ್ನುತ್ತಾರೆ. "ಗೊಬ್ಬರ ತರೋಕೆ ಇಷ್ಟು ದೊಡ್ಡದು ಬೇಕಾ?" ಎಂದರು ಮೈಸೂರಿನವರಾದ ನನ್ನ ಗಂಡ ಶ್ರೀಧರ್. ಹಿಂಬದಿಯ, ಲಾರಿಗಿರುವಂಥ ಜೋಡಿ ಚಕ್ರಗಳಿಗೆ ಮನಸೋತೆ ಎಂದು ಹೇಳಲು ನಾಚಿಕೆಯಾಯಿತು.

ದಾವಣಗೆರೆಯಲ್ಲಿ ಅಪ್ಪ ಲಾರಿ ಓಡಿಸುತ್ತಿದ್ದರು. ಭಾನುವಾರ ಭದ್ರಾ ಕಾಲುವೆಯ ಪಕ್ಕ ಲಾರಿ ತೊಳೆಯುವಾಗ, ಜೋಡಿ ಟೈರುಗಳ ನಡುವೆ ಸಿಕ್ಕಿದ ಕಲ್ಲುಗಳನ್ನು ಸಲಾಕೆಯಿಂದ ಮೀಟಿ ತೆಗೆಯುವುದು ನನ್ನ ಕೆಲಸ. "ಒಂದೂ ಬಿಡಬ್ಯಾಡವ್ವ, ಹಿಂದ ಬರೋರ ಗಾಜಿಗೆ ಸಿಡಿತೈತಿ" ಎನ್ನುತ್ತಿದ್ದರು. ಒದ್ದೆ ರಬ್ಬರಿನ ಆ ವಾಸನೆ ನನಗೆ ಇವತ್ತಿಗೂ ಮಲ್ಲಿಗೆಗಿಂತ ಹಿತ. ಈ ಮಾತನ್ನು ನಾಲ್ಕು ಹೆಂಗಸರ ನಡುವೆ ಆಡಬಾರದೆಂದು ಅನುಭವದಿಂದ ಕಲಿತಿದ್ದೇನೆ.

ಆದರೆ ಯೂಟಿನ ಹೊರಚಕ್ರಗಳು ಗಾಡಿಯ ಮೈಯಿಂದ ಆಚೆ ಚಾಚಿಕೊಂಡಿದ್ದವು. ಮಳೆ ನಿಂತ ಮರುದಿನವೇ, ಪಕ್ಕದ ಮನೆಯ ಮಾರ್ಗರೆಟ್ ಆಂಟಿ ಒಗೆದು ಹರವಿದ್ದ ಬಿಳಿ ಹೊದಿಕೆಗಳ ಮೇಲೆ ಕೆಸರಿನ ರಂಗೋಲಿ. ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆಯವನೂ "ಚಕ್ರ ಮುಚ್ಚಿಸಿಕೊಂಡು ಬನ್ನಿ" ಎಂದು ವಾಪಸು ಕಳಿಸಿದ. ಮಡ್‌ಗಾರ್ಡನ್ನು ಅಗಲಿಸುವ, ಫ್ಲೇರ್ ಎಂಬ ಕಮಾನುಗಳನ್ನು ತರಿಸಿ ಶನಿವಾರ ಅಂಗಳದಲ್ಲಿ ಹರಡಿಕೊಂಡು ಕುಳಿತೆವು.

ಶ್ರೀಧರ್ ಸಾಫ್ಟ್‌ವೇರ್‌ನವರು. ಡ್ರಿಲ್ ಹಿಡಿದು, "ತೂತು ತಪ್ಪಾದ್ರೆ ಅನ್‌ಡೂ ಮಾಡೋದು ಹೇಗೆ?" ಎಂದರು. ಕಿವಿ ಚುಚ್ಚುವ ಅಕ್ಕಸಾಲಿಗನಂತೆ ಪೆನ್ನಿನಿಂದ ಚುಕ್ಕೆ ಇಟ್ಟು, ಎರಡೂ ಕಡೆ ಸಮವಿದೆಯೇ ಎಂದು ದೂರ ನಿಂತು ನೋಡಿ, ಕೊನೆಗೆ ನಾನೇ ಕೊರೆದೆ. ತುಕ್ಕು ಹಿಡಿಯದಂತೆ ತೂತಿನ ಅಂಚಿಗೆ ಬಣ್ಣ ಹಚ್ಚಿ, ನಡುವೆ ರಬ್ಬರ್ ಪಟ್ಟಿ ಕೊಟ್ಟು ಬೋಲ್ಟ್ ಬಿಗಿದೆ. ಮಗಳು ಅನಘಾ ಹೊರಬಂದು ನೋಡಿ, "ಅಮ್ಮಾ, ಇಟ್ ಲುಕ್ಸ್ ಪ್ರೆಗ್ನೆಂಟ್!" ಎಂದಳು. ದಿನವಿಡೀ ಬಸುರಿಯರನ್ನೇ ನೋಡುವ ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ತಪಾಸಣೆ ಪಾಸಾಯಿತು. ಮರಳುವಾಗ ಕೆಸರಿನ ಹೊಂಡವೊಂದರಲ್ಲಿ ಬೇಕೆಂದೇ ಹಾಯಿಸಿದೆ. ಒಂದು ಹನಿಯೂ ಆಚೆ ಹಾರಲಿಲ್ಲ. ಅಪ್ಪ ಇದ್ದಿದ್ದರೆ ಅನ್ನಿಸಿ ಕಣ್ಣು ಮಂಜಾಯಿತು. ಅದೇ ಗುಂಗಿನಲ್ಲಿ ಮನೆಯ ಗೇಟಿನೊಳಗೆ ತಿರುಗಿಸಿದೆ. ಕರಕರ ಸದ್ದು. ಗಾಡಿ ಅಗಲವಾಗಿದ್ದು ಗೇಟಿನ ಕಂಬಕ್ಕೆ ನನಗಿಂತ ಮೊದಲೇ ಗೊತ್ತಾಗಿತ್ತು.

ಅಪ್ಪ ನನಗೆ ಒಂದು ದಿನವೂ ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಹೆಣ್ಣುಮಗಳೆಂದು ಹಾಗೆ ಮಾಡಿದರೆಂದು ಇಷ್ಟು ವರ್ಷ ಮುನಿಸಿಕೊಂಡಿದ್ದೆ. ಗೀರುಬಿದ್ದ ಫ್ಲೇರನ್ನು ಅಂಗೈಯಿಂದ ಸವರುತ್ತ ನಿಂತಾಗ ಹೊಳೆಯಿತು: ಪಾಪ, ಅವರಿಗೆ ಲಾರಿಯ ಮೇಲೂ ಒಂದಿಷ್ಟು ಪ್ರೀತಿ ಇತ್ತೇನೋ.