ಬಿದಿರಿಗೊಂದು ಕೆಂಪು ಸೀಲು

ಹದಿನೆಂಟು ವರ್ಷದಿಂದ ರುಸೈಲ್‌ನ ಫ್ಯಾಕ್ಟರಿಯೊಂದರಲ್ಲಿ ಪೈಪುಗಳ ನಕ್ಷೆ ಬರೆಯುತ್ತಿದ್ದವನು ನಾನು. ನೆಟ್ಟಗೆ ಗೆರೆ ಎಳೆಯುವ ವಿಷಯದಲ್ಲಿ ಇಡೀ ಮಸ್ಕತ್ತಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಹಾಗಿರುವಾಗ ಬಿದಿರು ಬರೆಯುವುದೇನು ಮಹಾ? ಉದ್ದಕ್ಕೊಂದು ಕೊಳವೆ, ನಡುನಡುವೆ ಗಂಟು, ಪಕ್ಕದಲ್ಲಿ ನಾಲ್ಕು ಎಲೆ!

ಈ ಯೋಚನೆ ಬರಲು ಕಾರಣ ಮಸ್ಕತ್ತಿನ ಸೀಬ್‌ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಜಯಕರ ಶೆಟ್ಟರು. ತೈಲದ ಬೆಲೆ ಬಿದ್ದುಹೋಗಿದ್ದ ಕಾಲ ಅದು. ಶೆಟ್ಟರ ಕಂಪನಿ ಅವರ ಕೈಗೆ ನೋಟಿಸು ಕೊಟ್ಟು 'ಖಲಾಸ್' ಅಂದಿತ್ತು. ನನಗೆ ಕೆಲಸವೇನೋ ಉಳಿದಿತ್ತು, ಆದರೆ ಎಲ್ಲೂ ಏನನ್ನೂ ಕಟ್ಟುತ್ತಿರಲಿಲ್ಲ. ಬರೆದ ನಕ್ಷೆಗಳೆಲ್ಲ ನೇರವಾಗಿ ಕಪಾಟು ಸೇರುತ್ತಿದ್ದವು. ಶೆಟ್ಟರ ಜಾಗದಲ್ಲಿ ನಾನಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದೆ. ಅವರು ಕೆಳಗಿನ ಮಹಡಿಯ ಲಿನ್ ಮೇಡಂ ಎಂಬ ಚೀನೀ ಮಹಿಳೆಯ ಹತ್ತಿರ ಹೋಗಿ ಮಸಿಯಲ್ಲಿ ಬಿದಿರು ಬರೆಯಲು ಕಲಿತರು. ಊರಿಗೆ ಹೊರಡುವ ಮುನ್ನ ನೆನಪಿಗಿರಲಿ ಎಂದು ನಮಗೂ ಒಂದು ಚಿತ್ರ ತಂದುಕೊಟ್ಟರು.

ನನ್ನ ಹೆಂಡತಿ ಶೈಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ನೋಡಿದಳು. ನನ್ನನ್ನು ಅವಳು ಹಾಗೆ ನೋಡಿ ಯಾವ ಕಾಲವಾಯಿತೋ! ಆಮೇಲೆ ಲಿನ್ ಮೇಡಂ ಹೇಳಿದ್ದನ್ನೆಲ್ಲ ನನಗೆ ಪಾಠ ಒಪ್ಪಿಸಿದಳು. ಬಿದಿರು ಗಾಳಿಗೆ ಬಾಗುತ್ತದೆ, ಮುರಿಯುವುದಿಲ್ಲ. ಚಳಿಗಾಲದಲ್ಲೂ ಹಸಿರಾಗಿರುತ್ತದೆ. ಒಳಗೆ ಟೊಳ್ಳು, ಅಂದರೆ ಅಹಂಕಾರವಿಲ್ಲ. ಚೀನಾದ ಚಿತ್ರಕಾರರಿಗೆ ಬಿದಿರೆಂದರೆ ಸಜ್ಜನ.

"ನಮ್ಮ ಶೆಟ್ಟರೂ ಹಾಗೇ ಅಲ್ವೇನ್ರೀ?" ಅಂದಳು. "ಹಾಲ್‌ನಲ್ಲಿರೋ ನಿಮ್ಮ ಟ್ಯಾಂಕ್ ತೆಗೆದು ಇದನ್ನ ಹಾಕೋಣ."

ಟ್ಯಾಂಕ್ ಎಂದರೆ ನಾನು ಒಮಾನಿಗೆ ಬಂದ ಹೊಸದರಲ್ಲಿ ಬರೆದ ತೈಲ ಟ್ಯಾಂಕಿನ ನಕ್ಷೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದೆ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಕೆಲಸ ಹೋದವನನ್ನು ನೋಡಿ ಕೆಲಸದಲ್ಲಿರುವವನು ಹೊಟ್ಟೆಕಿಚ್ಚು ಪಟ್ಟದ್ದು ಇಡೀ ಗಲ್ಫಿನಲ್ಲಿ ಅದೇ ಮೊದಲಿರಬೇಕು. ಶುಕ್ರವಾರದೊಳಗೆ ನಾನೂ ಒಂದು ಬಿದಿರು ಬರೆಯುತ್ತೇನೆ, ಗೋಡೆಗೆ ಯಾವುದು ಎಂದು ಲಿನ್ ಮೇಡಮ್ಮೇ ತೀರ್ಪು ಕೊಡಲಿ ಎಂದು ಘೋಷಿಸಿದೆ.

ಕುಂಚ, ಕಾಗದ ಕೊಟ್ಟವರೂ ಶೆಟ್ಟರೇ. ಪೆನ್ಸಿಲ್ ಮುಟ್ಟಬಾರದು, ಒಂದು ಗಂಟಿನಿಂದ ಇನ್ನೊಂದಕ್ಕೆ ಒಂದೇ ಎಳೆತ, ಎಳೆದದ್ದನ್ನು ತಿದ್ದಬಾರದು ಎಂದು ಹೇಳಿಕೊಟ್ಟರು. ಇವೆಲ್ಲ ಸ್ಕೇಲ್ ಇಲ್ಲದವರು ಮಾಡಿಕೊಂಡ ನಿಯಮಗಳು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಮೊದಲು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಗಂಟುಗಳ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಅಳತೆ. ಸ್ಕೇಲಿಗೆ ಒತ್ತಿ ಕುಂಚ ಎಳೆದರೆ ಮಸಿ ಸ್ಕೇಲಿನ ಅಡಿಗೆ ನುಗ್ಗಿತು. ಒರೆಸಿದೆ, ಕಾಗದ ಹರಿಯಿತು. ಮೂರು ಹಾಳೆ ಹೋದ ಮೇಲೆ ಕುಂಚ ಬಿಸಾಡಿ ಆಫೀಸಿನ ಡ್ರಾಯಿಂಗ್ ಪೆನ್ನು ಹಿಡಿದೆ. ಒಂದು ಎಲೆ ಬರೆದು, ಉಳಿದ ಇಪ್ಪತ್ತಮೂರನ್ನು ಅದನ್ನೇ ನೋಡಿ ನಕಲು ಇಳಿಸಿದೆ. ಬಿದಿರು ಬಾಗಬೇಕಲ್ಲ? ಪೈಪು ತಿರುಗಿಸುವಾಗ ಹಾಕುವ ಹಾಗೆ ತುದಿಯಲ್ಲಿ ತೊಂಬತ್ತು ಡಿಗ್ರಿಯ ಎಲ್ಬೋ ಕೊಟ್ಟೆ!

ಶೆಟ್ಟರ ಚಿತ್ರದ ಮೂಲೆಯಲ್ಲಿ ಪುಟ್ಟ ಕೆಂಪು ಮುದ್ರೆಯೊಂದಿತ್ತು. ಅವರ ಹೆಸರನ್ನು ಚೀನೀ ಅಕ್ಷರದಲ್ಲಿ ಕೆತ್ತಿ ಲಿನ್ ಮೇಡಂ ಕೊಟ್ಟದ್ದಂತೆ. ನನಗೆ ಆ ಮುದ್ರೆಯ ಮೇಲೂ ಕಣ್ಣು. ನಮ್ಮ ಆಫೀಸಿನಲ್ಲೂ ಒಂದು ಕೆಂಪು ಸೀಲು ಎಂಟು ತಿಂಗಳಿಂದ ಕೆಲಸವಿಲ್ಲದೆ ಕೂತಿತ್ತು. ಅದನ್ನು ಜೇಬಿಗಿಳಿಸಿ ತಂದು ಮೂಲೆಯಲ್ಲಿ ಒತ್ತಿದೆ. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಮೂಡಿತು: 'ನಿರ್ಮಾಣಕ್ಕೆ ಅನುಮೋದಿಸಲಾಗಿದೆ.'

ಶುಕ್ರವಾರ ಶೆಟ್ಟರ ಜೊತೆ ಲಿನ್ ಮೇಡಂ ಬಂದರು, ಚಹಾ ಕುಡಿದರು, ಕನ್ನಡಕ ಹಾಕಿಕೊಂಡು ನನ್ನ ಬಿದಿರನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಅವರು ತುಂಬ ಮರ್ಯಾದೆಯಿಂದ, ಇದರೊಳಗೆ ಹರಿಯುವುದು ನೀರೋ ಗ್ಯಾಸೋ ಎಂದು ಕೇಳಿದರು.

ಶೈಲಾ ಸರಕ್ಕನೆ ಅಡುಗೆಮನೆಗೆ ಹೋದಳು. ಅಲ್ಲಿಂದ ನಗು ಕೇಳಿಸಿತು. ಶೆಟ್ಟರು ಮಾತ್ರ ನಗಲಿಲ್ಲ.

"ಬೇಜಾರು ಮಾಡ್ಬೇಡಿ ಮಾರಾಯ್ರೆ" ಅಂದರು. "ನನ್ನದು ನಿಮ್ಮಲ್ಲಿರಲಿ, ನಿಮ್ಮದು ನಂಗೆ ಕೊಡಿ. ಊರಿಗೆ ತಕೊಂಡು ಹೋಗ್ತೇನೆ."

ಅವರೂ ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಈ ಮನುಷ್ಯ ಎಲ್ಲಿಯವರೆಗೆ ಬಾಗುತ್ತಾನೆ ಎಂದು ಇನ್ನಷ್ಟು ಉರಿಯಿತು. ಸುರುಳಿ ಸುತ್ತಿ ಕೊಟ್ಟೆ. ನನ್ನ ಟ್ಯಾಂಕು ವಾಷಿಂಗ್ ಮೆಷಿನ್ನಿನ ಹಿಂದೆ ಹೋಯಿತು.

ನಾಲ್ಕು ತಿಂಗಳ ಮೇಲೆ ಕಾರ್ಕಳದಿಂದ ಶೆಟ್ಟರ ಫೋನು ಬಂತು. ಪೈಪು, ನಲ್ಲಿಗಳ ಅಂಗಡಿ ಹಾಕಿದ್ದಾರಂತೆ, ವ್ಯಾಪಾರ ಚೆನ್ನಾಗಿದೆಯಂತೆ. ನನ್ನ ಬಿದಿರು ಗಲ್ಲಾದ ಮೇಲೇ ಇದೆಯಂತೆ.

"ಬಂದವರೆಲ್ಲ ಇದೇ ಪೈಪು ಬೇಕು ಅಂತಾರೆ ಮಾರಾಯ್ರೆ. ಅಡಿಯಲ್ಲಿ ಸೀಲು ಬೇರೆ ಉಂಟಲ್ಲ, ಭಾರೀ ನಂಬಿಕೆ ಜನರಿಗೆ."

ಹಾಲ್‌ನ ಗೋಡೆಯಲ್ಲಿದ್ದ ಅವರ ಬಿದಿರಿನ ಕೆಳಗೆ ಕೂತೇ ಅಭಿನಂದನೆ ಹೇಳಿ ಫೋನಿಟ್ಟೆ. ಈಗ ಅಂಗಡಿ ಬೇರೆ ಆಯಿತಲ್ಲ ಎಂದು ಇನ್ನೊಂದು ಸಲ ಹೊಟ್ಟೆ ಉರಿಯಿತು. ಆದರೂ ನಿಜ ಒಪ್ಪಿಕೊಳ್ಳಬೇಕು. ಆ ಇಡೀ ವರ್ಷದಲ್ಲಿ ನಾನು ಬರೆದ ನಕ್ಷೆಗಳ ಪೈಕಿ ಯಾರದಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ.